ಪುಣಿಸ ದಂಡನಾಯಕನ ಶಾಸನವೂ ಅರಣ್ಯಭೂಮಿಯ ಪರಿಹಾರವೂ

ಚಾಮರಾಜನಗರದ ಪಾರ್ಶ್ವನಾಥ ಬಸದಿಯ ದರ್ಶನ ಮಾಡಿಕೊಂಡು ಮಲೆಯೂರಿನ ಕನಕಗಿರಿಗೆ ತೆರಳುವ ಯಾತ್ರಿಕರು ಪ್ರತಿವರ್ಷವೂ ಅನೇಕರಿದ್ದಾರೆ. ಕನಕಗಿರಿಯಲ್ಲಿ ಪೂಜ್ಯಪಾದ ಆಚಾರ್ಯರ ಸ್ಮರಣೆ, ಮುನಿಗಳ ಪಾದುಕೆಗಳು, ‘ರಾಜಾವಳಿ ಕಥೆ’ಯನ್ನು ಬರೆದ ದೇವಚಂದ್ರನ ನೆನಪು ಇವೆಲ್ಲ ಮನಸ್ಸನ್ನು ತುಂಬುವುದರಿಂದ ಪೇಟೆಯೊಳಗಿನ ಬಸದಿಯ ಶಾಸನವನ್ನು ನಿಧಾನವಾಗಿ ಪರಿಭಾವಿಸುವವರು ವಿರಳ. ಆ ಶಾಸನ ಕ್ರಿ.ಶ. 1117ರದು. ಊರಿಗೆ ಆಗ ಅರಿಕುಠಾರವೆಂದು ಹೆಸರು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರ ಜನ್ಮಸ್ಥಳವೆಂಬ ಕಾರಣದಿಂದ 1818ರಲ್ಲಿ ಅದಕ್ಕೆ ಈಗಿನ ಹೆಸರನ್ನಿಟ್ಟರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ಇಲ್ಲಿ ತ್ರಿಕೂಟ ಬಸದಿಯನ್ನು ಕಟ್ಟಿಸಿದನು. ಬಿ.ಎಲ್. ರೈಸ್ ಅವರು ಮೈಸೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಈ ಶಾಸನವೂ ಸೇರಿತು.

ಪುಣಿಸನು ಯುದ್ಧವೀರ. ತೋದರನ್ನು ಬೆದರಿಸಿದುದು, ಕೊಂಗರನ್ನು ಓಡಿಸಿದುದು, ಮಲೆಯಾಳರನ್ನು ಸೋಲಿಸಿ ನೀಲಾದ್ರಿಯ ಶಿಖರವನ್ನು ವಿಜಯಲಕ್ಷ್ಮಿಗೆ ಅರ್ಪಿಸಿದುದು ಇವೆಲ್ಲ ಶಾಸನದಲ್ಲಿ ವರ್ಣಿತವಾಗಿವೆ. ನೀಲಗಿರಿಯ ಹೆಸರು ಕಾಣಿಸಿಕೊಳ್ಳುವ ಅತಿ ಹಳೆಯ ಬರಹಗಳಲ್ಲಿ ಇದೂ ಒಂದೆಂದು ಇತಿಹಾಸಕಾರರು ಇದನ್ನು ಮುಖ್ಯವಾಗಿ ಉಲ್ಲೇಖಿಸುತ್ತಾರೆ. ಆದರೆ ನಮಗೆ ಮುಖ್ಯವಾದ ಭಾಗ ಬೇರೆ. ಕಾಲದೋಷದಿಂದ ಕೆಟ್ಟುಹೋದ ವ್ಯಾಪಾರಿ, ಬಿತ್ತಲು ಬೀಜವಿಲ್ಲದ ಒಕ್ಕಲಿಗ, ಸ್ಥಾನವನ್ನು ಕಳೆದುಕೊಂಡು ಅಧಿಕಾರವಿಲ್ಲದಾದ ಕಿರಾತ ನಾಯಕ, ಕೆಲಸ ತಪ್ಪಿದ ಸೇವಕ, ಇವರಲ್ಲಿ ಯಾರು ಏನನ್ನು ಕಳೆದುಕೊಂಡರೋ ಅದನ್ನು ಅವರಿಗೆ ಕೊಟ್ಟು ದಂಡನಾಯಕನು ಪೊರೆದನೆಂದು ಶಾಸನಕವಿ ಹೇಳುತ್ತಾನೆ. ಪ್ರಶಸ್ತಿಯಲ್ಲಿ ಅತಿಶಯೋಕ್ತಿ ಇದ್ದೇ ಇರುತ್ತದೆ. ಅದನ್ನು ತಳ್ಳಿಹಾಕಬೇಕಾಗಿಲ್ಲ, ಇದ್ದಂತೆಯೇ ನಂಬಬೇಕಾಗಿಯೂ ಇಲ್ಲ. ಆದರೆ ಗೆದ್ದವನ ಹೊಗಳಿಕೆಯಲ್ಲಿ ‘ಕಳೆದುಕೊಂಡವನಿಗೆ ಕಳೆದುಕೊಂಡದ್ದನ್ನೇ ಕೊಟ್ಟನು’ ಎಂಬ ಮಾತು ಸೇರಬೇಕೆಂದು ಹನ್ನೆರಡನೆಯ ಶತಮಾನದ ಒಬ್ಬ ಜೈನ ಕವಿಗೆ ತೋರಿತೆಂಬುದು ಮಾತ್ರ ಸತ್ಯ. ಆ ಪಟ್ಟಿಯಲ್ಲಿ ವ್ಯಾಪಾರಿ ಮತ್ತು ಒಕ್ಕಲಿಗರ ಸಾಲಿನಲ್ಲಿಯೇ ಕಾಡಿನ ಒಡೆಯನೂ ನಿಂತಿದ್ದಾನೆ.

ಅದೇ ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಸೀಮೆ ಇಂದು ಬಂಡೀಪುರ ಹಾಗೂ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶಗಳ ನಡುವೆ ಇದೆ. ವನ್ಯಜೀವಿಗಳ ರಕ್ಷಣೆಗಾಗಿ ಒಬ್ಬನ ಸ್ವಂತ ನೆಲದ ಮೇಲೆ ಸರ್ಕಾರವು ನಿರ್ಬಂಧ ಹೇರಿದರೆ ಅವನಿಗೆ ಪರಿಹಾರ ಸಲ್ಲಬೇಕೆ ಎಂಬ ಪ್ರಶ್ನೆ ಈ ಸೀಮೆಯಲ್ಲಿ ಮತ್ತೆ ಮತ್ತೆ ಎದ್ದಿದೆ. ಜಮೀನುಳ್ಳ ಶ್ರಾವಕ ಕುಟುಂಬಗಳಿಗೂ, ದೇವರ ಆಸ್ತಿಯನ್ನು ನೋಡಿಕೊಳ್ಳುವ ಟ್ರಸ್ಟುಗಳಿಗೂ ಇದು ದೂರದ ಪ್ರಶ್ನೆಯಲ್ಲ. ಜೀವದಯೆಯ ಕಾರ್ಯವಾದ್ದರಿಂದ ಹಣದ ಮಾತನ್ನೆತ್ತುವುದೇ ತಪ್ಪು ಎನ್ನುವ ಸಜ್ಜನರು ನಮ್ಮಲ್ಲಿದ್ದಾರೆ. ನೆಲ ನನ್ನದು, ನಷ್ಟ ತುಂಬಿಕೊಡದೆ ಒಂದು ಕೊಂಬೆಯನ್ನೂ ಬಿಡೆನು ಎನ್ನುವವರೂ ಇದ್ದಾರೆ. ಎರಡೂ ಮಾತುಗಳನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಉಚಿತ.

‘ಪರಿಹಾರ’ ಎಂಬ ಪದದಿಂದಲೇ ಆರಂಭಿಸಬಹುದು. ನಮ್ಮ ದಾನಶಾಸನಗಳಲ್ಲಿ ಭೂಮಿಯನ್ನು ‘ಸರ್ವಬಾಧಾ ಪರಿಹಾರ’ವಾಗಿ ಕೊಟ್ಟಂತೆ ಹೇಳುವುದು ರೂಢಿ. ಅಲ್ಲಿ ಪರಿಹಾರವೆಂದರೆ ಹಣವಲ್ಲ, ತೆರಿಗೆ ಬಿಟ್ಟಿಗಳ ಬಾಧೆ ಆ ನೆಲಕ್ಕೆ ತಟ್ಟಬಾರದೆಂಬ ಬಿಡುಗಡೆ. ಭೂಮಿಯನ್ನು ಒಂದು ಪುಣ್ಯಕಾರ್ಯಕ್ಕೆ ಮೀಸಲಿಟ್ಟಾಗ ಅದರ ಮೇಲಿನ ಹೊರೆಯನ್ನೂ ಇಳಿಸಬೇಕೆಂಬುದು ಹಿಂದಿನವರ ಕ್ರಮ. ಇಂದಿನ ಪರಿಹಾರದಲ್ಲಿ ಮೊದಲು ಹೊರೆ ಬರುತ್ತದೆ, ಆಮೇಲೆ ಹಣ ಬರುತ್ತದೆ, ಬಂದರೆ.

ಈ ಸೀಮೆಯಲ್ಲಿ ಖಾಸಗಿ ಒಡೆತನದ ದೊಡ್ಡ ಅರಣ್ಯವೆಂದರೆ ಯಳಂದೂರು ಜಹಗೀರಿಯದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ದೊರೆತ ಆ ಜಹಗೀರಿ ಸುಮಾರು ನೂರು ಚದರ ಮೈಲಿಯಷ್ಟಿತ್ತು. ಬಿಳಿಗಿರಿರಂಗನ ಬೆಟ್ಟದ ಒಂದು ಭಾಗವೂ ಅದಕ್ಕೆ ಸೇರಿತ್ತು. ಮೈಸೂರು ಅರಣ್ಯ ಇಲಾಖೆ 1864ರಲ್ಲಿ ಸ್ಥಾಪಿತವಾಗಿ, 1900ರಲ್ಲಿ ಅರಣ್ಯ ರೆಗ್ಯುಲೇಷನ್ ಬಂದು, ಸುತ್ತಲಿನ ಕಾಡುಗಳು ಒಂದೊಂದಾಗಿ ಸರ್ಕಾರದ ಕಾಯ್ದಿಟ್ಟ ಅರಣ್ಯಗಳಾದವು. ಜಹಗೀರಿ ಮಾತ್ರ 1954ರ ಇನಾಂ ರದ್ದತಿ ಕಾಯಿದೆಯವರೆಗೆ ಉಳಿಯಿತು. ಆ ಕಾಯಿದೆ ಇನಾಂದಾರನ ಸಾಗುವಳಿ ಭೂಮಿ, ಗೋಮಾಳ, ಗಣಿ, ಕೆರೆಗಳೊಡನೆ ಅರಣ್ಯವನ್ನೂ ಸರ್ಕಾರಕ್ಕೆ ವಹಿಸಿತು. ಪ್ರತಿಯಾಗಿ ಇನಾಂದಾರನಿಗೆ ಹಣ ಸಲ್ಲಬೇಕೆಂದೂ ವಿಧಿಸಿತು. ಅಂದರೆ ರಾಜನಿಂದ ದಾನವಾಗಿ ಪಡೆದ ಕಾಡನ್ನು ಪ್ರಜಾಸರ್ಕಾರ ಮರಳಿ ಪಡೆಯುವಾಗಲೂ ಪಡೆದವನಿಗೆ ಪರಿಹಾರವಿತ್ತು. ಆ ಬೆಟ್ಟದ ಪೋಡುಗಳಲ್ಲಿ ಜಹಗೀರಿಗಿಂತ ಮೊದಲಿನಿಂದಲೂ ಇದ್ದ ಸೋಲಿಗರಿಗೆ ಅದರಲ್ಲಿ ಪಾಲಿರಲಿಲ್ಲ, ಏಕೆಂದರೆ ಅವರ ಕೈಯಲ್ಲಿ ಸನದು ಇರಲಿಲ್ಲ.

ಇನಾಂ ರದ್ದತಿಯ ಇನ್ನೊಂದು ಫಲವನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. 1955ರ ಕಾಯಿದೆಯಿಂದ ದೇವಾಲಯ ಬಸದಿಗಳ ಧಾರ್ಮಿಕ ಇನಾಮುಗಳೂ ರದ್ದಾದವು. ಅವುಗಳ ಬದಲು ವರ್ಷಕ್ಕಿಷ್ಟೆಂದು ‘ತಸ್ತೀಕು’ ನಿಗದಿಯಾಯಿತು. ಭೂಮಿಯ ಹುಟ್ಟುವಳಿ ಬೆಲೆಯೊಡನೆ ಏರುತ್ತದೆ, ರೂಪಾಯಿಯಲ್ಲಿ ಬರೆದಿಟ್ಟ ಮೊತ್ತ ಏರುವುದಿಲ್ಲ. ಒಂದು ಕಾಲದಲ್ಲಿ ನಿತ್ಯಪೂಜೆ, ಅರ್ಚಕರ ಜೀವನ, ವರ್ಷದ ಉತ್ಸವ ಎಲ್ಲವನ್ನೂ ನಡೆಸುತ್ತಿದ್ದ ಗದ್ದೆಗಳ ಬದಲು ಬಂದ ತಸ್ತೀಕು ಅನೇಕ ಕಡೆ ನಂದಾದೀಪದ ಎಣ್ಣೆಗೂ ಸಾಲದಾಯಿತು. ಮುಂದೆ ಸರ್ಕಾರಗಳು ಅದನ್ನು ಹಂತಹಂತವಾಗಿ ಹೆಚ್ಚಿಸಿದುದು ನಿಜ. ಆದರೂ ಪರಿಹಾರವೆಂಬುದನ್ನು ಒಮ್ಮೆ ಲೆಕ್ಕಹಾಕಿ ಮುಗಿಸಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಬಸದಿಗಳ ಲೆಕ್ಕದ ಪುಸ್ತಕಗಳಿಗಿಂತ ಉತ್ತಮ ಸಾಕ್ಷಿ ಬೇಕಿಲ್ಲ. ಭೂಮಿ ಉಳುವವನಿಗೆ ಸೇರಿದುದು ನ್ಯಾಯವೇ. ಇಲ್ಲಿನ ಮಾತು ಅದರ ಬಗ್ಗೆ ಅಲ್ಲ.

ಶ್ರೀಗಂಧದ ಕಥೆ ಇನ್ನೂ ಬೋಧಪ್ರದ. ಟಿಪ್ಪು ಸುಲ್ತಾನನ ಕಾಲದಲ್ಲಿ, 1792ರಲ್ಲಿ, ಗಂಧದ ಮರ ರಾಜವೃಕ್ಷವೆಂದು ಘೋಷಿತವಾಯಿತು. ಆ ಬಳಿಕ ಒಡೆಯರ ಆಳ್ವಿಕೆ, ಬ್ರಿಟಿಷ್ ಕಮಿಷನರುಗಳ ಆಡಳಿತ, ಮತ್ತೆ ಒಡೆಯರು, ಕೊನೆಗೆ ಪ್ರಜಾಪ್ರಭುತ್ವ, ಹೀಗೆ ಆಳುವವರು ಬದಲಾದರೂ ಆ ನಿಯಮ ಬದಲಾಗಲಿಲ್ಲ. ಯಾರ ಹೊಲದ ಬದುವಿನಲ್ಲಿ ಹುಟ್ಟಿದರೂ ಗಂಧದ ಮರ ಸರ್ಕಾರದ್ದೇ. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾದ ಮೇಲೆ ಆ ಮರದ ಬೆಲೆ ಇನ್ನೂ ಏರಿತು. ಇಲಾಖೆಯವರು ಮರವನ್ನು ಕಡಿದು ಸಾಗಿಸಿದ ಬಳಿಕ ಜಮೀನಿನವನಿಗೆ ‘ಬೋನಸ್’ ಎಂಬ ಹೆಸರಿನಲ್ಲಿ ಒಂದು ಪಾಲು ಸಲ್ಲುತ್ತಿತ್ತು. ಆದರೆ ಅದಕ್ಕಿಂತ ಮೊದಲು ಮರವನ್ನು ಕಾಯುವ ಹೊಣೆ, ಕಳುವಾದರೆ ಉತ್ತರ ಹೇಳಬೇಕಾದ ಭಯ ಎರಡೂ ಅವನದೇ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲಗಳ ಒಣಕಾಡು ಗಂಧಕ್ಕೆ ಹೇಳಿ ಮಾಡಿಸಿದ ನೆಲ. ಹಕ್ಕಿಗಳು ಬೀಜವನ್ನು ಬೇಲಿಗೆ ತಂದು ಹಾಕುತ್ತವೆ, ಸಸಿ ತಾನಾಗಿ ಏಳುತ್ತದೆ. ಅಂತಹ ನೆಲದಲ್ಲಿಯೂ ರೈತನು ಗಂಧದ ಸಸಿಯನ್ನು ಕಂಡೊಡನೆ ಕಿತ್ತೆಸೆಯುವುದು ವಾಡಿಕೆಯಾಯಿತು. ಜಿನಬಿಂಬಕ್ಕೆ ಲೇಪಿಸುವ ಚಂದನವನ್ನು ತನ್ನ ಹೊಲದಲ್ಲಿ ಬೆಳೆಯಲು ಶ್ರಾವಕನೂ ಹೆದರಿದನು.

2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ ಜಮೀನಿನ ಅನುಭೋಗದಾರನೇ ಗಂಧದ ಮರಕ್ಕೆ ಹಕ್ಕುದಾರನೆಂದು ಒಪ್ಪಿದ ಮೇಲೆ ಖಾಸಗಿ ಭೂಮಿಯಲ್ಲಿ ಗಂಧ ನೆಡುವವರು ಮತ್ತೆ ಕಾಣಿಸಿಕೊಂಡರು. ಎರಡು ನೂರು ವರ್ಷಗಳ ಕಾವಲಿನಿಂದ ಆಗದ ಕೆಲಸ ಹಕ್ಕಿನ ಒಂದು ವಾಕ್ಯದಿಂದ ಆರಂಭವಾಯಿತೆಂದರೆ ತಪ್ಪಾಗದು. ಕಳ್ಳರ ಕಾಟ ಹಾಗೆಯೇ ಉಳಿದಿದೆ, ಅದು ಬೇರೆ ಮಾತು.

ಕೊಳ್ಳೇಗಾಲದ ಚರಿತ್ರೆ ಸ್ವಲ್ಪ ಭಿನ್ನ. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಅದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದರಿಂದ 1949ರ ಮದರಾಸು ಖಾಸಗಿ ಅರಣ್ಯ ಸಂರಕ್ಷಣಾ ಕಾಯಿದೆ ಅಲ್ಲಿಗೂ ಅನ್ವಯಿಸಿತು. ಜಮೀನ್ದಾರಿಗಳು ರದ್ದಾಗುವವೆಂಬ ಸುಳಿವು ಸಿಕ್ಕೊಡನೆ ಒಡೆಯರು ಮರಗಳನ್ನು ಕಡಿದು ಮಾರತೊಡಗಿದ ಕಾಲ ಅದು. ದೊಡ್ಡ ಖಾಸಗಿ ಅರಣ್ಯಗಳನ್ನು ಮಾರಲು, ಅವುಗಳಲ್ಲಿ ಮರ ಕಡಿಯಲು ಕಲೆಕ್ಟರರ ಪೂರ್ವಾನುಮತಿ ಬೇಕೆಂದು ಆ ಕಾಯಿದೆ ವಿಧಿಸಿತು. ಕಡಿಯದೆ ಉಳಿಸಿಕೊಂಡವನಿಗೆ ವರ್ಷಕ್ಕಿಷ್ಟೆಂದು ಕೊಡುವ ಏರ್ಪಾಡು ಅದರಲ್ಲಿರಲಿಲ್ಲ. ಹಳೆಯ ಮೈಸೂರಿಗೆ ಅನ್ವಯಿಸದಿದ್ದರೂ 1927ರ ಭಾರತೀಯ ಅರಣ್ಯ ಕಾಯಿದೆ ಈ ವಿಷಯದಲ್ಲಿ ಹೆಚ್ಚು ವಿವೇಕದಿಂದ ನಡೆದುಕೊಂಡಿತ್ತೆನ್ನಬೇಕು. ಖಾಸಗಿ ಅರಣ್ಯದ ನಿರ್ವಹಣೆಯನ್ನು ಸರ್ಕಾರ ವಹಿಸಿಕೊಂಡರೆ ನಿವ್ವಳ ಲಾಭ ಒಡೆಯನಿಗೆ ಸಲ್ಲಬೇಕು. ನಿರ್ಬಂಧ ಬಂದು ಮೂರು ವರ್ಷ ಕಳೆದ ಮೇಲೆ, ಹನ್ನೆರಡು ವರ್ಷ ತುಂಬುವುದರೊಳಗೆ, ‘ಈ ಭೂಮಿಯನ್ನು ನೀವೇ ಕೊಂಡುಕೊಳ್ಳಿ’ ಎಂದು ಒಡೆಯನು ಕೇಳಿದರೆ ಸರ್ಕಾರ ಕೊಳ್ಳಲೇಬೇಕು. ಪರಕೀಯರ ಕಾಲದ ಶಾಸನದಲ್ಲಿ ಇಷ್ಟಾದರೂ ಇತ್ತು.

ಗುಂಡ್ಲುಪೇಟೆಯ ಗಡಿ ದಾಟಿದರೆ ವಯನಾಡು. ಸುಲ್ತಾನ್ ಬತ್ತೇರಿಯ ಬಸದಿ, ಕಲ್ಪೆಟ್ಟದ ಸಮೀಪ ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿ ದೇವಾಲಯ, ಕಾಫಿ ಮೆಣಸು ಬೆಳೆಯುವ ಜೈನ ಗೌಡರ್ ಮನೆತನಗಳು ನಮ್ಮ ಓದುಗರಿಗೆ ಪರಿಚಿತ. ಎಷ್ಟೋ ಮನೆಗಳಿಗೆ ಅಲ್ಲಿ ಬಾಂಧವ್ಯವೂ ಉಂಟು. ಕೇರಳ ಸರ್ಕಾರವು 1971ರಲ್ಲಿ ಖಾಸಗಿ ಅರಣ್ಯಗಳ ಸ್ವಾಧೀನದ ಕಾಯಿದೆಯನ್ನು ತಂದು, ಮಲಬಾರಿನ ಖಾಸಗಿ ಅರಣ್ಯಗಳನ್ನೆಲ್ಲ ಪರಿಹಾರವಿಲ್ಲದೆ ಸರ್ಕಾರಕ್ಕೆ ಸೇರಿಸಿಕೊಂಡಿತು. ಕಾಫಿ, ಚಹ, ಏಲಕ್ಕಿ, ರಬ್ಬರ್ ಮುಂತಾದ ತೋಟಗಳಿಗೂ, ಮಿತಿಯೊಳಗಿನ ಸ್ವಂತ ಸಾಗುವಳಿಗೂ ವಿನಾಯಿತಿಯಿತ್ತು. ಕೇರಳದ ಉಚ್ಚ ನ್ಯಾಯಾಲಯ ಕಾಯಿದೆಯನ್ನು ಅನೂರ್ಜಿತಗೊಳಿಸಿದರೂ 1973ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಭೂಸುಧಾರಣೆಯ ಅಂಗವೆಂದು ಎತ್ತಿಹಿಡಿಯಿತು. ಇದರ ಪರಿಣಾಮವನ್ನು ಸೂಕ್ಷ್ಮವಾಗಿ ಗಮನಿಸಬೇಕು. ಕಾಡನ್ನು ಕಡಿದು ತೋಟ ಮಾಡಿದವನ ಭೂಮಿ ಅವನಲ್ಲಿಯೇ ಉಳಿಯಿತು. ಕಾಡನ್ನು ಕಾಡಾಗಿಯೇ ಬಿಟ್ಟಿದ್ದವನ ಭೂಮಿ ಹೋಯಿತು. ಜೀವಹಿಂಸೆಯ ಆರಂಭವನ್ನು ಕಡಿಮೆ ಮಾಡಿಕೊಂಡವನೇ ದಂಡಿತನಾದನೆಂಬ ಪಾಠವನ್ನು ಗಡಿಯ ಎರಡೂ ಕಡೆಯ ಜನ ಕಲಿತರು. ಕಾನೂನಿನ ಉದ್ದೇಶ ಅದಾಗಿರಲಿಲ್ಲವೆಂಬುದು ಕಲಿತವರಿಗೆ ಮುಖ್ಯವಾಗಲಿಲ್ಲ.

ದೇಶದ ಅರಣ್ಯನೀತಿಯನ್ನೇ ಬದಲಿಸಿದ ವ್ಯಾಜ್ಯವೂ ಇದೇ ಗಡಿಯಲ್ಲಿ ಹುಟ್ಟಿತು. ಬಂಡೀಪುರ, ಮುದುಮಲೆಗಳ ಆಚೆಗಿನ ಗೂಡಲೂರಿನಲ್ಲಿ ಮರಗಳ ನಾಶವಾಗುತ್ತಿದೆಯೆಂದು ನಿಲಂಬೂರು ಕೋವಿಲಕದ ಟಿ.ಎನ್. ಗೋದಾವರ್ಮನ್ ತಿರುಮುಲ್ಪಾಡ್ ಅವರು 1995ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಆ ಕಾಡುಗಳು ಹಿಂದೆ ಅವರ ಮನೆತನದ ಜನ್ಮಂ ಭೂಮಿಗಳಾಗಿದ್ದು ಸರ್ಕಾರದ ವಶಕ್ಕೆ ಹೋದಂಥವು. ತನ್ನಿಂದ ಹೋದ ಕಾಡಿಗಾಗಿ ಹೋರಾಡಿದ ಆ ವೃದ್ಧರನ್ನು ಅಪರಿಗ್ರಹದ ಉದಾಹರಣೆಯೆನ್ನಬಹುದೋ ಏನೋ, ಓದುಗರು ಯೋಚಿಸಲಿ. 1996ರ ಡಿಸೆಂಬರ್ 12ರ ಆದೇಶವು ಒಡೆತನ ಯಾರದೇ ಇರಲಿ, ನಿಘಂಟಿನ ಅರ್ಥದಲ್ಲಿ ಅರಣ್ಯವಾಗಿರುವುದೆಲ್ಲ 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ ಒಳಪಡುತ್ತದೆಂದು ಹೇಳಿತು. ಅಲ್ಲಿಂದ ಪಟ್ಟಾ ಭೂಮಿಯ ಕಾಡೂ ಕೇಂದ್ರದ ಅನುಮತಿಯಿಲ್ಲದೆ ಬೇರೆ ಉಪಯೋಗಕ್ಕೆ ಸಿಕ್ಕದಂತಾಯಿತು. 2023ರ ತಿದ್ದುಪಡಿ ಇದನ್ನು ಸಡಿಲಿಸಲು ನೋಡಿತು. 2024ರ ಫೆಬ್ರವರಿಯಲ್ಲಿ ನ್ಯಾಯಾಲಯವು ಹಳೆಯ ಅರ್ಥವನ್ನೇ ಸದ್ಯಕ್ಕೆ ಪಾಲಿಸುವಂತೆ ಮಧ್ಯಂತರ ಆದೇಶ ನೀಡಿತು.

ಬಂಡೀಪುರದ ವೃತ್ತಾಂತ ಸುಪರಿಚಿತವಾದ್ದರಿಂದ ಸಂಕ್ಷೇಪವಾಗಿ ಹೇಳುವೆವು. 1931ರಲ್ಲಿ ಚಿಕ್ಕದೊಂದು ಅಭಯಾರಣ್ಯ, 1941ರಲ್ಲಿ ಸುಮಾರು 800 ಚದರ ಕಿಲೋಮೀಟರಿನ ವೇಣುಗೋಪಾಲ ವನ್ಯಜೀವಿ ಉದ್ಯಾನ, 1973ರಲ್ಲಿ ಹುಲಿ ಯೋಜನೆ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಗಿ, 1987ರಲ್ಲಿ ಸುಮಾರು 540 ಚದರ ಕಿಲೋಮೀಟರಿಗೆ ವಿಸ್ತರಿಸಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 1972ರ ವನ್ಯಜೀವಿ ಕಾಯಿದೆಯಂತೆ ಅಭಯಾರಣ್ಯದೊಳಗೆ ಹಕ್ಕು ಇರುವವರ ಅಹವಾಲನ್ನು ಜಿಲ್ಲಾಧಿಕಾರಿ ಕೇಳಿ, ಹಕ್ಕನ್ನು ಮುಂದುವರಿಸಬೇಕು ಅಥವಾ ಪರಿಹಾರ ಕೊಟ್ಟು ಪಡೆಯಬೇಕು. ಬೆಟ್ಟದ ಮೇಲೆ ಅತ್ತಿಕಾನೆ, ಬೇಡಗುಳಿಗಳಂಥ ಕಾಫಿ ತೋಟಗಳು ಅರಣ್ಯದ ನಡುವೆ ಉಳಿದಿರುವುದು ಕಾಗದಪತ್ರದ ಹಕ್ಕಿನಿಂದಲೇ. ಕಾಗದವಿಲ್ಲದ ಸೋಲಿಗರು ಒಳಗಾಡಿನ ಪೋಡುಗಳನ್ನು ಬಿಟ್ಟು ಬೆಟ್ಟದ ಅಂಚಿನ ಕಾಲೊನಿಗಳಿಗೆ ಬರಬೇಕಾಯಿತು. 2006ರಲ್ಲಿ ಜೇನು, ನೆಲ್ಲಿ, ಪಾಚಿ ಸಂಗ್ರಹಕ್ಕೂ ತಡೆ ಬಿತ್ತು. ಅರಣ್ಯ ಹಕ್ಕು ಕಾಯಿದೆಯ ಮೇರೆಗೆ 2011ರಲ್ಲಿ 25 ಸೋಲಿಗ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ದೊರೆತು, ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅದು ಮೊದಲನೆಯದೆನಿಸಿತು. ಪುಣಿಸನ ಶಾಸನದ ಕಿರಾತ ನಾಯಕನಿಗೂ ಇವರಿಗೂ ವಂಶದ ಸಂಬಂಧವನ್ನು ಕಲ್ಪಿಸುವುದು ಇತಿಹಾಸವಾಗದು. ಸ್ಥಿತಿಯ ಸಾಮ್ಯವನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

ಅಭಯಾರಣ್ಯದ ಹೊರಗಿನ ಪಟ್ಟಾ ಭೂಮಿಯ ಪ್ರಶ್ನೆ ಬಂದುದು 2012ರ ಅಕ್ಟೋಬರ್ 4ರಂದು, ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯ ಪ್ರಕಟವಾದಾಗ. ಗುಂಡ್ಲುಪೇಟೆ, ನಂಜನಗೂಡು, ಹೆಗ್ಗಡದೇವನಕೋಟೆ ತಾಲ್ಲೂಕುಗಳ ನೂರಕ್ಕೂ ಹೆಚ್ಚು ಗ್ರಾಮಗಳು ಅದರೊಳಗೆ ಬಂದವು. ವ್ಯವಸಾಯಕ್ಕೆ ಅಡ್ಡಿಯಿಲ್ಲ. ಗಣಿಗಾರಿಕೆ, ಹೊಸ ವಾಣಿಜ್ಯ ಕಟ್ಟಡ, ರೆಸಾರ್ಟುಗಳಿಗೆ ತಡೆ. ಹಂಗಳ, ಮಂಗಲದ ಕಡೆ ಅರಿಸಿನ, ಚೆಂಡುಹೂ ಬೆಳೆಯುವ ರೈತನ ಬದುಕು ಇದರಿಂದ ಮೇಲ್ನೋಟಕ್ಕೆ ಕೆಡಲಿಲ್ಲ; ಆದರೆ ಮಗಳ ಮದುವೆಗೋ ಮಗನ ವಿದ್ಯೆಗೋ ಎರಡೆಕರೆ ಮಾರಬೇಕೆಂದಾಗ ಕೊಳ್ಳುವವನು ಕೊಡುವ ಬೆಲೆ ಬೇರೆಯಾಯಿತು. ಈ ನಷ್ಟಕ್ಕೆ ಪರಿಸರ ಕಾಯಿದೆಯಲ್ಲಿ ಪರಿಹಾರವಿಲ್ಲ. ಭೂಮಿಯನ್ನು ಕಿತ್ತುಕೊಂಡಿಲ್ಲ, ಉಪಯೋಗವನ್ನು ನಿಯಂತ್ರಿಸಿದೆ ಅಷ್ಟೆ, ಎಂಬುದು ಕಾನೂನಿನ ತರ್ಕ. ಬೆಂಗಳೂರಿನ ಸಮೀಪದ ತಾತಗುಣಿ ಎಸ್ಟೇಟಿನ ಮೊಕದ್ದಮೆಯಲ್ಲಿ 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಆಸ್ತಿಯ ಹಕ್ಕು ಮೂಲಭೂತವಾಗಿ ಉಳಿಯದಿದ್ದರೂ ಸಂವಿಧಾನದ 300ಎ ವಿಧಿಯಲ್ಲಿ ಪರಿಹಾರದ ಹಕ್ಕು ಅಡಗಿದೆಯೆಂದು ಹೇಳಿತು. ಅದು ಆಸ್ತಿ ಪೂರ್ತಿಯಾಗಿ ಹೋದವನ ಮಾತು. ಅರ್ಧ ಹೋದವನಿಗೆ, ಕಾಲು ಹೋದವನಿಗೆ ಅಲ್ಲಿ ಉತ್ತರವಿಲ್ಲ.

ಹಾಗಾದರೆ ಕರ್ನಾಟಕದಲ್ಲಿ ಖಾಸಗಿಯವರಿಗೆ, ಅವರು ಉಳಿಸಿದ ಜೀವಿಗಳಿಗಾಗಿಯೇ ಹಣ ಕೊಟ್ಟ ನಿದರ್ಶನವಿಲ್ಲವೆ? ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಹಾಗೂ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಿಸೆ ಮರಗಳ ಮೇಲೆ ಗೂಡು ಕಟ್ಟಿ ಮರಿಮಾಡುತ್ತವೆ. ಮರಗಳು ಮನೆಮನೆಯ ಸ್ವಂತದವು. ಹಕ್ಕಿ ಕೂತ ಮರದ ಹುಣಿಸೆ ಕೀಳುವಂತಿಲ್ಲ, ಕೊಂಬೆ ಕಡಿಯುವಂತಿಲ್ಲ. ಹಕ್ಕಿಗಳ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತಿದ್ದುದರಿಂದಲೂ, ಹಕ್ಕಿಗಳು ಬಂದರೆ ಊರಿಗೆ ಶುಭವೆಂಬ ನಂಬಿಕೆಯಿಂದಲೂ ಗ್ರಾಮಸ್ಥರು ತಲೆಮಾರುಗಳ ಕಾಲ ಅವುಗಳನ್ನು ತಾಳಿಕೊಂಡಿದ್ದರು. ಮರಗಳು ಸೌದೆಗೆ ಮಾರಾಟವಾಗಿ ಕಡಿಮೆಯಾಗತೊಡಗಿದಾಗ, 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರಿನ ಕಡೆ ಗಮನ ಹರಿಸಿ, ಗೂಡಿರುವ ಮರದ ಒಡೆಯನಿಗೆ ಹುಣಿಸೆಯ ನಷ್ಟವನ್ನು ಇಲಾಖೆಯಿಂದ ಕೊಡಿಸುವ ಪದ್ಧತಿಗೆ ಕಾರಣರಾದರು. ಮುಂದೆ ಮೈಸೂರಿನ ಹವ್ಯಾಸಿ ಪಕ್ಷಿಪ್ರೇಮಿಗಳು ಊರವರೊಡನೆ ಸೇರಿ ಹೆಜ್ಜಾರ್ಲೆ ಬಳಗವನ್ನು ಕಟ್ಟಿ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿದರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆನಿಸಿತು.

ಇಲ್ಲಿ ಪರಿಹಾರ ಏನನ್ನು ಸಾಧಿಸಿತು, ಏನನ್ನು ಸಾಧಿಸಲಿಲ್ಲ ಎಂಬುದೆರಡೂ ಸ್ಪಷ್ಟ. ಮರಕ್ಕಿಷ್ಟೆಂದು ಕೊಡುವ ಮೊತ್ತ ಹುಣಿಸೆಯ ಪೇಟೆಬೆಲೆಯನ್ನು ಎಂದೂ ಮುಟ್ಟಲಿಲ್ಲವೆಂಬುದು ಊರವರ ಬಹುಕಾಲದ ದೂರು. ತಸ್ತೀಕಿನ ಕಥೆಯೇ ಇಲ್ಲಿಯೂ. ಆದರೆ ಹಣ ಅಲ್ಪವಾದರೂ ಅದರಲ್ಲಿ ಒಂದು ಅಂಗೀಕಾರವಿತ್ತು. ಈ ಹಕ್ಕಿಗಳು ಬದುಕಿರುವುದು ನಿನ್ನ ಮರದಿಂದ, ನಿನ್ನ ಸಹನೆಯಿಂದ ಎಂದು ಸರ್ಕಾರ ಬರವಣಿಗೆಯಲ್ಲಿ ಒಪ್ಪಿತು.

ಧರ್ಮದೃಷ್ಟಿಯಿಂದ ಇದನ್ನು ಹೇಗೆ ತಿಳಿಯಬೇಕು? ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಅಭಯದಾನಕ್ಕೆ ವಿಶೇಷ ಸ್ಥಾನವಿದೆ. ಅಭಯಾರಣ್ಯವೆಂಬ ಹೆಸರೇ ಆ ದಾನವನ್ನು ನೆನಪಿಸುತ್ತದೆ. ಆದರೆ ದಾನವೆಂದರೆ ಸ್ವಪರ ಹಿತಕ್ಕಾಗಿ ತನ್ನದನ್ನು ತ್ಯಜಿಸುವುದೆಂದು ತತ್ತ್ವಾರ್ಥಸೂತ್ರಕಾರರ ಅಭಿಪ್ರಾಯ. ‘ತನ್ನದು’ ಎಂಬುದು ಇಲ್ಲಿ ಮುಖ್ಯ. ಮಂಗಲದ ರೈತನ ಎರಡೆಕರೆಯನ್ನು ಬೆಂಗಳೂರಿನವರೋ ದೆಹಲಿಯವರೋ ಆನೆಗಳಿಗೆ ದಾನ ಮಾಡಲಾರರು. ಕೊಡದಿದ್ದುದನ್ನು ತೆಗೆದುಕೊಳ್ಳುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಬೇರೆಯೇ ಹೆಸರಿದೆ, ಅಚೌರ್ಯಾಣುವ್ರತವನ್ನು ಸ್ವೀಕರಿಸಿದವರಿಗೆ ಅದು ಗೊತ್ತು. ಜೀವದಯೆಯ ಉದ್ದೇಶವಿದ್ದ ಮಾತ್ರಕ್ಕೆ ಅದತ್ತಾದಾನವು ದಾನವಾಗದು. ಹುಲಿ ಉಳಿಯುವುದರಿಂದ ಲಾಭ ಇಡೀ ದೇಶಕ್ಕೆಂದಾದರೆ ಭಾರವೂ ಇಡೀ ದೇಶದ್ದಾಗಬೇಕೆಂಬುದು ದಯೆಯ ಮಾತಲ್ಲ, ಲೆಕ್ಕದ ಮಾತು.

ಇದಕ್ಕೆ ಇನ್ನೊಂದು ಮುಖವಿದೆ. ಹಿಂಸೆಯನ್ನು ಮಾಡದಿರುವುದಕ್ಕಾಗಿ ಕೂಲಿ ಕೇಳುವುದು ಶ್ರಾವಕನಿಗೆ ತಕ್ಕುದೇ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜಕವಾಗಿ ನೆಲ ಅಗೆಯುವುದನ್ನೂ, ಗಿಡಮರ ಕಡಿಯುವುದನ್ನೂ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಕಾಡನ್ನು ಕಡಿದು ಮಾರುವ, ಇದ್ದಿಲು ಸುಡುವ ವೃತ್ತಿಗಳನ್ನು ಶ್ರಾವಕಾಚಾರದ ಗ್ರಂಥಗಳು ವರ್ಜ್ಯವೆಂದಿವೆ. ಆದ್ದರಿಂದ ‘ಮರ ಕಡಿಯಬಹುದಾಗಿತ್ತು, ಕಡಿಯಲಿಲ್ಲ, ಹಣ ಕೊಡಿ’ ಎಂಬ ಬೇಡಿಕೆ ನಮ್ಮ ಬಾಯಲ್ಲಿ ಶೋಭಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಇಂತಹ ಬೇಡಿಕೆಯೇ ಕಾನೂನಾಗಿದ್ದ ಕಾಲವೊಂದಿತ್ತು. 1981ರ ವನ್ಯಜೀವಿ ಕಾಯಿದೆಯಂತೆ ವಿಶೇಷ ತಾಣಗಳ ಒಡೆಯನು ತನ್ನ ಜಮೀನನ್ನು ಉತ್ತು ಬದಲಿಸುವ ಇಚ್ಛೆಯನ್ನು ತಿಳಿಸಿದರೆ, ಬಿಟ್ಟುಕೊಟ್ಟ ಲಾಭವನ್ನು ಸರ್ಕಾರ ತುಂಬಿಕೊಡುತ್ತಿತ್ತು. ಕೆಡಿಸುವೆನೆಂದು ಬೆದರಿಸಿದವನಿಗೆ ಹಣ, ಮೊದಲಿನಿಂದ ಸುಮ್ಮನೆ ಕಾಪಾಡಿದವನಿಗೆ ಏನೂ ಇಲ್ಲ ಎಂಬ ಆಕ್ಷೇಪ ಬಲವಾಗಿ, 2000ದಲ್ಲಿ ಹೊಸ ಕಾಯಿದೆ ಆ ಪದ್ಧತಿಗೆ ತೆರೆಯೆಳೆಯಿತು. ಕೋಸ್ಟರಿಕಾ ದೇಶ 1996ರ ಅರಣ್ಯ ಕಾನೂನಿನಿಂದ ಬೇರೆ ದಾರಿ ಹಿಡಿಯಿತು. ಇಂಧನದ ಮೇಲಿನ ತೆರಿಗೆಯ ಒಂದು ಭಾಗದಿಂದ, ಕಾಡನ್ನು ಉಳಿಸಿಕೊಂಡಿರುವ ಒಡೆಯನಿಗೆ ಒಪ್ಪಂದದ ಮೇರೆಗೆ ವರ್ಷವರ್ಷವೂ ಹಣ ಸಲ್ಲುತ್ತದೆ; ನೀರು, ಗಾಳಿ, ಜೀವಸಂಕುಲಗಳಿಗೆ ಅವನ ಕಾಡು ಮಾಡುವ ಸೇವೆಗೆ ಅದು ಸಂಭಾವನೆ. ಮೊದಲನೆಯದರಲ್ಲಿ ಕೊಟ್ಟದ್ದು ಆಗದ ಪಾಪದ ಬೆಲೆ. ಎರಡನೆಯದರಲ್ಲಿ ಕೊಡುವುದು ನಡೆದಿರುವ ಉಪಕಾರದ ಬೆಲೆ. ಗೃಹಸ್ಥನು ಎರಡನೆಯದನ್ನು ಸಂಕೋಚವಿಲ್ಲದೆ ಸ್ವೀಕರಿಸಬಹುದೆಂದು ನಮ್ಮ ಅಭಿಪ್ರಾಯ. ತ್ಯಾಗಿಗಳು ಬೇರೆ ಹೇಳಿದರೆ ಕೇಳಲು ಸಿದ್ಧರಿದ್ದೇವೆ.

ಚಾಮರಾಜನಗರ ಜಿಲ್ಲೆಯಲ್ಲಿಯೇ ಮೂರನೆಯ ಮಾರ್ಗವೊಂದರ ನಿದರ್ಶನವಿದೆ. ಬಿಳಿಗಿರಿರಂಗನ ಬೆಟ್ಟದಿಂದ ಮಲೆಮಹದೇಶ್ವರ ಬೆಟ್ಟದ ಕಡೆಗೆ ಆನೆಗಳು ಹೋಗಿಬರುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಪಥ ಕೊಳ್ಳೇಗಾಲದ ಸೀಮೆಯಲ್ಲಿ ರೈತರ ಜಮೀನುಗಳ ನಡುವೆ ಹಾದುಹೋಗುತ್ತದೆ. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆಯು ಸಹಯೋಗಿಗಳೊಡನೆ ಸೇರಿ ಅಲ್ಲಿ ಸುಮಾರು 25 ಎಕರೆಯನ್ನು ಒಡೆಯರಿಂದ ಕ್ರಯಕ್ಕೆ ಪಡೆದು ಅರಣ್ಯ ಇಲಾಖೆಗೆ ಒಪ್ಪಿಸಿತು. ಅಧಿಸೂಚನೆಯಿಲ್ಲ, ಒತ್ತಾಯವಿಲ್ಲ, ಮಾರುವವನು ಒಪ್ಪಿದ ಬೆಲೆ, ಕೊಳ್ಳುವವರು ಕೂಡಿಸಿದ ಹಣ. ಪಿಂಜರಾಪೋಲುಗಳಿಗೆ ಹಣ ಕೂಡಿಸಿ ಜಾನುವಾರುಗಳನ್ನು ಕಟುಕರಿಂದ ಬಿಡಿಸುವ ಸಮಾಜಕ್ಕೆ ಈ ವಿಧಾನ ಅಪರಿಚಿತವೆನಿಸಬಾರದು. ಒಂದು ಹಸುವಿನ ಬದಲು ಒಂದು ದಾರಿಯನ್ನು ಬಿಡಿಸಿಕೊಡುವುದು ಅಷ್ಟೆ.

ಟ್ರಸ್ಟುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ವನ್ಯಜೀವಿ ಕಾಯಿದೆಗೆ 2003ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ, ವ್ಯಕ್ತಿಯಾಗಲಿ ಸಮುದಾಯವಾಗಲಿ ತಾನಾಗಿ ಮುಂದೆ ಬಂದು ತನ್ನ ಭೂಮಿಯನ್ನು ಸಮುದಾಯ ಮೀಸಲು ಎಂದು ಘೋಷಿಸುವಂತೆ ಕೋರಬಹುದು. ದೇವರ ಹೆಸರಿನಲ್ಲಿ ಬೆಟ್ಟದ ತಪ್ಪಲಿನ ಕುರುಚಲು ಕಾಡಿರುವ ಟ್ರಸ್ಟುಗಳಿಗೆ ಇದು ಆಕರ್ಷಕವಾಗಿ ಕಾಣುತ್ತದೆ. ಅಭಯದಾನವೆಂದು ಸಭೆಯಲ್ಲಿ ಚಪ್ಪಾಳೆಯೂ ಸಿಗುತ್ತದೆ. ಆದರೆ ಒಮ್ಮೆ ಘೋಷಣೆಯಾದರೆ ನಿರ್ವಹಣಾ ಸಮಿತಿಯ ನಿರ್ಣಯ ಮತ್ತು ರಾಜ್ಯ ಸರ್ಕಾರದ ಒಪ್ಪಿಗೆಯಿಲ್ಲದೆ ಭೂಮಿಯ ಉಪಯೋಗವನ್ನು ಬದಲಿಸುವಂತಿಲ್ಲ. ಆ ಭೂಮಿಯಲ್ಲಿ ಹುಣಿಸೆ ಹೊಂಗೆಗಳ ಗುತ್ತಿಗೆ ಹಿಡಿದವರು, ದನ ಮೇಯಿಸುವವರು, ಸೌದೆ ಆರಿಸುವ ಹೆಂಗಸರು ಇರುತ್ತಾರೆ. ಅವರ ಹೆಸರು ಟ್ರಸ್ಟಿನ ಖಾತೆಯಲ್ಲಿ ಇರುವುದಿಲ್ಲ, ಯಳಂದೂರಿನ ಸನದಿನಲ್ಲಿ ಸೋಲಿಗರ ಹೆಸರು ಇಲ್ಲದಿದ್ದಂತೆ. ನಿರ್ಣಯಕ್ಕೆ ಸಹಿ ಹಾಕುವ ದಿನ ಅವರನ್ನೂ ಬಸದಿಯ ಜಗಲಿಗೆ ಕರೆದು, ಯಾರಿಗೆ ವರ್ಷಕ್ಕೆ ಎಷ್ಟು ಹೋಗುತ್ತದೆಂದು ಕೇಳಿ ಬರೆದುಕೊಳ್ಳುವುದಾದರೆ ಅದಕ್ಕೆ ಸರ್ಕಾರದ ಅನುಮತಿಯೇನೂ ಬೇಕಿಲ್ಲ.